ಬೆಟ್ಟದ ತುದಿಯಲ್ಲಿ ಕಂಡದ್ದು ಚಿತ್ರದಲ್ಲಿ ಏಕೆ ಉಳಿಯುವುದಿಲ್ಲ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ನನ್ನ ಬಳಿ ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್ ಮತ್ತು ಆಮೇಲೆ ಕೊಂಡ 55-250 ಮಿ.ಮೀ. ಲೆನ್ಸ್ ಇವೆ. ರಜೆ ಸಿಕ್ಕಾಗ ಕೊಡಚಾದ್ರಿ, ಜೋಗ, ಮುಳ್ಳಯ್ಯನಗಿರಿ, ಹಂಪಿ ಎಂದು ತಿರುಗಿ ಪ್ರಕೃತಿ ದೃಶ್ಯಗಳನ್ನು ತೆಗೆಯುತ್ತೇನೆ. ಆದರೆ ಕಣ್ಣಿಗೆ ಕಂಡ ಸೊಬಗು ಚಿತ್ರದಲ್ಲಿ ಇರುವುದಿಲ್ಲ. ಆಕಾಶ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಬೆಟ್ಟಗಳು ನೀಲಿ ಮಸುಕಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ, ಜಲಪಾತ ಎಲ್ಲೋ ದೂರದಲ್ಲಿ ಚಿಕ್ಕದಾಗಿ ಬಿದ್ದಿರುತ್ತದೆ. ಅಗಲ ಕೋನದ ಲೆನ್ಸ್ ಅಥವಾ ಇನ್ನೂ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಂಡರೆ ಸರಿಹೋಗುತ್ತದೆಯೆ? ಕಂಪ್ಯೂಟರಿನಲ್ಲಿ ತಿದ್ದುವುದು ಮೋಸವಲ್ಲವೆ? ನಮ್ಮ ಕಡೆಯ ಮಳೆಯಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದು ಕ್ಷೇಮವೆ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ: ಈಗ ಲೆನ್ಸನ್ನಾಗಲಿ ಕ್ಯಾಮೆರಾವನ್ನಾಗಲಿ ಕೊಳ್ಳಬೇಡಿ. ನೀವು ಹೇಳಿರುವ ಮೂರು ದೋಷಗಳಲ್ಲಿ ಎರಡು ಬೆಳಕಿಗೆ ಸಂಬಂಧಿಸಿದವು, ಒಂದು ಆಯ್ಕೆಗೆ ಸಂಬಂಧಿಸಿದ್ದು; ಅವುಗಳಲ್ಲಿ ಯಾವುದೂ ದುಬಾರಿ ಸಲಕರಣೆಯಿಂದ ವಾಸಿಯಾಗುವಂಥದ್ದಲ್ಲ. ಅಗಲ ಕೋನದ ಲೆನ್ಸಂತೂ ನಿಮ್ಮ ಮೂರನೆಯ ದೂರನ್ನು ಇನ್ನಷ್ಟು ಹೆಚ್ಚಿಸುತ್ತದೆ. ಲೆನ್ಸಿನ ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ; ನಿಂತ ಜಾಗ ಬದಲಿಸದೆ 18 ಮಿ.ಮೀ.ಗೆ ಬದಲು 10 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಎದುರಿನ ಜಲಪಾತ ಚಿತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕುಗ್ಗುತ್ತದೆ, ಉಳಿದ ಜಾಗವನ್ನು ನಿಮಗೆ ಬೇಡವಾದ ಆಕಾಶ, ಕಬ್ಬಿಣದ ಬೇಲಿ ಮತ್ತು ಪೊದೆಗಳು ತುಂಬಿಕೊಳ್ಳುತ್ತವೆ. ‘ಪ್ರಕೃತಿ ದೃಶ್ಯ ಎಂದರೆ ಅಗಲವಾದದ್ದು, ಆದ್ದರಿಂದ ಅಗಲ ಲೆನ್ಸ್ ಬೇಕು’ ಎಂಬ ನಂಬಿಕೆಯೇ ನಮ್ಮಲ್ಲಿ ಬಹಳ ಚಿತ್ರಗಳನ್ನು ಕೆಡಿಸಿದೆ ಎಂದು ನನ್ನ ಅಭಿಪ್ರಾಯ.

ಕೊಡಚಾದ್ರಿಯ ಸರ್ವಜ್ಞ ಪೀಠದ ಬಳಿ ನಿಂತಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ. 1,343 ಮೀಟರ್ ಎತ್ತರದಲ್ಲಿ ನಿಂತ ನಿಮ್ಮ ಕಣ್ಣು ಎಲ್ಲವನ್ನೂ ಒಮ್ಮೆಗೇ ನೋಡುವುದಿಲ್ಲ. ಅದು ಮೊದಲು ಹುಲ್ಲುಗಾವಲಿನ ಅಂಚಿನ ಮೇಲೆ ಓಡುತ್ತದೆ, ಅಲ್ಲಿಂದ ಕಣಿವೆಯಲ್ಲಿ ಏಳುತ್ತಿರುವ ಮಂಜಿನ ಮೇಲೆ ನಿಲ್ಲುತ್ತದೆ, ಆಮೇಲೆ ದೂರದ ಸಾಲುಬೆಟ್ಟಗಳ ಕಡೆಗೆ ಹೋಗುತ್ತದೆ. ಪ್ರತಿ ಸಲವೂ ಪಾಪೆ ಹಿಗ್ಗಿ ಕುಗ್ಗಿ ಅಲ್ಲಲ್ಲಿನ ಬೆಳಕಿಗೆ ಹೊಂದಿಕೊಳ್ಳುತ್ತದೆ, ಮನಸ್ಸು ಹಿಡಿಸಿದ್ದನ್ನು ದೊಡ್ಡದು ಮಾಡಿ ಹಿಡಿಸದ್ದನ್ನು ಬಿಟ್ಟುಬಿಡುತ್ತದೆ. ಜೊತೆಗೆ ಗಾಳಿ ಇದೆ, ಹತ್ತಿ ಬಂದ ದಣಿವಿದೆ. ಕ್ಯಾಮೆರಾಕ್ಕೆ ಇದಾವುದೂ ಇಲ್ಲ. ಅದು ಇಡೀ ನೋಟವನ್ನು ಒಂದೇ ಅಳತೆಯ ಬೆಳಕಿನಲ್ಲಿ, ಒಂದೇ ಸಲಕ್ಕೆ, ಯಾವ ಪಕ್ಷಪಾತವೂ ಇಲ್ಲದೆ ಹಿಡಿಯುತ್ತದೆ. ಮನಸ್ಸು ಮಾಡಿದ ಪಕ್ಷಪಾತವನ್ನು ಚೌಕಟ್ಟಿನಲ್ಲಿ ಮಾಡಬೇಕಾದವರು ನೀವು.

ಆದ್ದರಿಂದ ವೀಕ್ಷಣಾ ಸ್ಥಳವನ್ನು ತಲುಪಿದ ಕೂಡಲೇ ಕ್ಯಾಮೆರಾ ಎತ್ತಬೇಡಿ. ‘ನನಗೆ ಇಲ್ಲಿ ಹಿಡಿಸಿದ್ದು ಏನು?’ ಎಂಬ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಸಿಗುವವರೆಗೆ ಬರಿಗಣ್ಣಿನಿಂದ ನೋಡಿ. ‘ಕೊಡಚಾದ್ರಿ ಚೆನ್ನಾಗಿದೆ’ ಎನ್ನುವುದು ಉತ್ತರವಲ್ಲ. ‘ಹುಲ್ಲಿನ ದಿಬ್ಬದ ಅಂಚು ಬೆಳಕಿನಲ್ಲಿ ಹೊಳೆಯುತ್ತಿದೆ, ಅದರ ಹಿಂದಿನ ಕಣಿವೆಯ ಶೋಲಾ ಕಾಡು (ಹುಲ್ಲುಗಾವಲಿನ ನಡುವಿನ ದಟ್ಟ ಕಾಡು) ಕಪ್ಪಾಗಿದೆ’ ಎನ್ನುವುದು ಉತ್ತರ, ಏಕೆಂದರೆ ಅದರೊಳಗೆ ಚೌಕಟ್ಟು ಅಡಗಿದೆ: ಆ ಅಂಚು ಎಲ್ಲಿಂದ ಎಲ್ಲಿಗೆ ಹೋಗುತ್ತದೆಯೋ ಅಷ್ಟೇ ಚಿತ್ರ, ಉಳಿದದ್ದು ಹೊರಗೆ. ಆಗ ನಿಮ್ಮ ಕೈ ತಾನಾಗಿ 55-250 ಮಿ.ಮೀ. ಲೆನ್ಸಿಗೆ ಹೋಗುತ್ತದೆ. ಪಶ್ಚಿಮ ಘಟ್ಟದ ಸಾಲುಬೆಟ್ಟಗಳಿಗೆ 100ರಿಂದ 200 ಮಿ.ಮೀ. ನಡುವಿನ ನೋಟವೇ ಹೆಚ್ಚಾಗಿ ಒಪ್ಪುತ್ತದೆ. ಹತ್ತಿರದ ಬೆಟ್ಟ, ಅದರ ಹಿಂದಿನದು, ಅದರಾಚೆಯದು ಎಲ್ಲವೂ ಒತ್ತಿಕೊಂಡು ಒಂದರ ಮೇಲೊಂದು ಪದರವಾಗಿ ನಿಲ್ಲುತ್ತವೆ, ನಡುವಿನ ಖಾಲಿ ಕಣಿವೆಯ ವಿಸ್ತಾರ ಕಡಿಮೆಯಾಗುತ್ತದೆ.

ನೀವು ದೂರಿದ ನೀಲಿ ಮಸುಕಿನ ವಿಷಯವೂ ಇಲ್ಲಿಯೇ ಬರುತ್ತದೆ. ಗಾಳಿಯ ಅಣುಗಳು ಬೆಳಕಿನಲ್ಲಿರುವ ನೀಲಿಯನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚದುರಿಸುತ್ತವೆ. ನಿಮಗೂ ದೂರದ ಬೆಟ್ಟಕ್ಕೂ ನಡುವೆ ಇರುವ ಕಿಲೋಮೀಟರುಗಟ್ಟಲೆ ಗಾಳಿಯಲ್ಲಿ ಚದುರಿದ ಆ ನೀಲಿ ಬೆಳಕು ಬೆಟ್ಟದ ಬಣ್ಣದ ಮೇಲೆ ಬಂದು ಕೂರುತ್ತದೆ. ಧೂಳು, ಹೊಗೆ, ತೇವ ಸೇರಿದರೆ ಮಸುಕು ನೀಲಿಯಿಂದ ಬಿಳಿಗೆ ತಿರುಗುತ್ತದೆ. ಮಾರ್ಚ್-ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಿಂದಲೂ ನಾಲ್ಕನೆಯ ಬೆಟ್ಟ ಕಾಣದಿರುವುದಕ್ಕೂ, ಮಳೆ ಗಾಳಿಯನ್ನು ತೊಳೆದುಹೋದ ಅಕ್ಟೋಬರ್-ನವೆಂಬರಿನ ಬೆಳಿಗ್ಗೆ ಅದೇ ಜಾಗದಿಂದ ಏಳೆಂಟು ಸಾಲು ಎಣಿಸಲು ಸಾಧ್ಯವಾಗುವುದಕ್ಕೂ ಇದೇ ಕಾರಣ. ಆದರೆ ಮಸುಕನ್ನು ಪೂರ್ತಿ ಶತ್ರುವೆಂದು ತಿಳಿಯಬೇಡಿ. ಸೂರ್ಯ ಬೆಟ್ಟಗಳ ಹಿಂದೆ ಅಥವಾ ಪಕ್ಕದಲ್ಲಿ ಕೆಳಮಟ್ಟದಲ್ಲಿದ್ದಾಗ ಹತ್ತಿರದ ಸಾಲು ಕಪ್ಪಾಗಿ, ಹಿಂದಿನದು ಬೂದುಬಣ್ಣವಾಗಿ, ಕೊನೆಯದು ಆಕಾಶದಲ್ಲಿ ಕರಗುವಂತೆ ಕಾಣುವುದು ಮಸುಕಿನಿಂದಲೇ. ದೂರ ಎಂಬ ಭಾವವನ್ನು ಚಿತ್ರಕ್ಕೆ ಕೊಡುವುದು ಅದೇ. ಮಸುಕು ಕೆಡುಕಾಗುವುದು ನಡುಹಗಲಿನಲ್ಲಿ, ಬೆಳಕು ನೆತ್ತಿಯ ಮೇಲಿಂದ ಬೀಳುವಾಗ. ನೀವು ತೆಗೆದ ಚಿತ್ರಗಳ ಸಮಯವನ್ನು ಫೈಲಿನ ವಿವರದಲ್ಲಿ ನೋಡಿ. ಚಪ್ಪಟೆಯಾದವುಗಳಲ್ಲಿ ಹೆಚ್ಚಿನವು ಹತ್ತರಿಂದ ನಾಲ್ಕರ ನಡುವಿನವಾಗಿರುತ್ತವೆ ಎಂದು ಊಹಿಸುತ್ತೇನೆ.

ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಂದ ಬರುತ್ತಿದೆ ಎನ್ನುವುದು ಮುಖ್ಯ. ‘ಸೂರ್ಯ ನಿಮ್ಮ ಬೆನ್ನಿಗಿರಲಿ’ ಎಂಬ ಹಳೆಯ ಸಲಹೆಯನ್ನು ಎಲ್ಲರೂ ಕೇಳಿದ್ದೇವೆ. ಸರಳ ಕ್ಯಾಮೆರಾಗಳಲ್ಲಿ, ನಿಧಾನದ ಫಿಲ್ಮಿನಲ್ಲಿ, ಮನುಷ್ಯರ ಮುಖ ಕಪ್ಪಾಗದಿರಲಿ ಎಂಬ ಕಾಳಜಿಯಿಂದ ಬಂದ ಸಲಹೆ ಅದು. ನೆಲಕ್ಕೆ ಅದು ಹೊಂದುವುದಿಲ್ಲ, ಏಕೆಂದರೆ ಬೆನ್ನಿನಿಂದ ಬಂದ ಬೆಳಕು ಪ್ರತಿ ಬಂಡೆಯ, ಪ್ರತಿ ಮರದ ನೆರಳನ್ನು ಅದರ ಹಿಂದೆಯೇ ಬಚ್ಚಿಡುತ್ತದೆ. ನೆರಳು ಕಾಣದಿದ್ದರೆ ಉಬ್ಬುತಗ್ಗು ಕಾಣುವುದಿಲ್ಲ. ಹಂಪಿಯ ಬಂಡೆಗಳನ್ನೇ ತೆಗೆದುಕೊಳ್ಳಿ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿ ಒಂದು ದುಂಡು ಗ್ರಾನೈಟ್ ಬಂಡೆಯನ್ನು ಪಕ್ಕದಿಂದ ನೋಡಿದರೆ ಒಂದು ಮಗ್ಗುಲು ಕಿತ್ತಳೆ ಛಾಯೆಯಲ್ಲಿ ಬೆಳಗಿರುತ್ತದೆ, ಇನ್ನೊಂದು ಮಗ್ಗುಲು ಆಕಾಶದ ಬೆಳಕಷ್ಟೇ ಬಿದ್ದು ನೀಲಿಗಪ್ಪಾಗಿರುತ್ತದೆ, ಇವೆರಡೂ ಸೇರುವ ಗೆರೆಯ ಉದ್ದಕ್ಕೂ ಕಲ್ಲಿನ ಒರಟು ಹರಳುಗಳು, ಪದರ ಎದ್ದ ಜಾಗಗಳು, ಉಳಿಯಿಂದ ಬಂಡೆ ಸೀಳಲು ಹಿಂದಿನವರು ಸಾಲಾಗಿ ತೋಡಿದ ಗುಳಿಗಳು ಒಂದೊಂದೂ ತಮ್ಮ ಪುಟ್ಟ ನೆರಳಿನೊಡನೆ ಎದ್ದು ನಿಲ್ಲುತ್ತವೆ. ಅದೇ ಬಂಡೆಯನ್ನು ಹನ್ನೊಂದು ಗಂಟೆಗೆ ನೋಡಿದರೆ ಒಂದೇ ಬಣ್ಣದ ಮುದ್ದೆ.

ಮಾತಂಗ ಬೆಟ್ಟದ ಮೇಲೆ ಬೆಳಗಿನ ಜಾವ ಸೇರುವ ಜನರಲ್ಲಿ ಹೆಚ್ಚಿನವರು ಪೂರ್ವಕ್ಕೆ ಮುಖ ಮಾಡಿ ಸೂರ್ಯನನ್ನೇ ತೆಗೆಯುತ್ತಾರೆ. ಸೂರ್ಯ ಎಲ್ಲ ಊರಿನಲ್ಲೂ ಒಂದೇ. ಮಾತಂಗದಿಂದ ತೆಗೆಯಬೇಕಾದದ್ದು ಆ ಬೆಳಕು ಬೀಳುವ ನೆಲವನ್ನು. ಉತ್ತರದ ಮಗ್ಗುಲಿಗೆ ತಿರುಗಿದರೆ ಬುಡದಲ್ಲಿ ಅಚ್ಯುತರಾಯ ದೇವಾಲಯ, ಅದರ ಮುಂದಿನ ಉದ್ದನೆಯ ಬಜಾರಿನ ಕಂಬಗಳ ಸಾಲು ಇವೆ, ಬೆಳಕು ಅವುಗಳಿಗೆ ಬಲಗಡೆಯಿಂದ ಅಡ್ಡಲಾಗಿ ಬೀಳುತ್ತದೆ. ಪಶ್ಚಿಮಕ್ಕೆ ಕಾಣುವ ವಿರೂಪಾಕ್ಷನ ಗೋಪುರ ಪೂರ್ವಾಭಿಮುಖವಾದದ್ದರಿಂದ ಆ ಹೊತ್ತಿನಲ್ಲಿ ನೇರ ಬೆಳಕಿನಲ್ಲಿ ಬೆಳಗುತ್ತದೆ. ಬಣ್ಣ ಸೊಗಸು, ಆದರೆ ಉಬ್ಬುತಗ್ಗು ಕಡಿಮೆ.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಯುರೋಪು, ಉತ್ತರ ಅಮೆರಿಕದವರು ಬರೆದ ಕೈಪಿಡಿಗಳಲ್ಲಿ ‘ಬೆಳಗಿನ ಮತ್ತು ಸಂಜೆಯ ಹೊನ್ನಿನ ಗಂಟೆ’ ಎಂದಿರುತ್ತದೆ, ಸೂರ್ಯ ದಿಗಂತದ ಬಳಿಯಿದ್ದು ಬೆಳಕು ಹೊಂಬಣ್ಣವಾಗಿರುವ ಹೊತ್ತು ಅದು. ನಮ್ಮಲ್ಲಿ ಅದು ಗಂಟೆಯಷ್ಟು ಇರುವುದೇ ಇಲ್ಲ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಸೂರ್ಯ ದಿಗಂತದಿಂದ ಕಡಿದಾಗಿ ಮೇಲೇರುತ್ತಾನೆ. ಹಗಲಿರುಳು ಸಮವಾದ ದಿನ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಏರಲು 40 ನಿಮಿಷಗಳ ಸುಮಾರು ಬೇಕಾದರೆ, ಹಂಪಿಯಲ್ಲಿ 25 ನಿಮಿಷ ಸಾಕು. ಡಿಸೆಂಬರಿನ ಲಂಡನ್ನಿನಲ್ಲಿ ನಡುಮಧ್ಯಾಹ್ನವೂ ಸೂರ್ಯ 15 ಡಿಗ್ರಿಗಿಂತ ಹೆಚ್ಚೇನೂ ಮೇಲೇರುವುದಿಲ್ಲವಾದ್ದರಿಂದ ಅಲ್ಲಿನ ಛಾಯಾಗ್ರಾಹಕನಿಗೆ ಹಗಲೆಲ್ಲ ಓರೆ ಬೆಳಕು. ನಿಮ್ಮ ಸಾಗರದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬಂದು ನಿಲ್ಲುತ್ತಾನೆ. ಹಾಗಾಗಿ ನಮ್ಮಲ್ಲಿ ತಡವಾಗಿ ಹೋದವನಿಗೆ ಎರಡನೆಯ ಅವಕಾಶವಿಲ್ಲ. ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಜಾಗ ಹಿಡಿದು, ಕತ್ತಲಲ್ಲೇ ಟ್ರೈಪಾಡ್ ನಿಲ್ಲಿಸಿ, ಚೌಕಟ್ಟನ್ನು ಹಿಂದಿನ ದಿನ ಸಂಜೆಯೇ ಗೊತ್ತುಮಾಡಿಕೊಂಡಿರುವವರಿಗೆ ಆ 25 ನಿಮಿಷ ಧಾರಾಳವಾಗಿ ಸಾಲುತ್ತದೆ. ಮೇಲೆ ಹತ್ತಿ ಬಂದು ಏದುಸಿರು ಬಿಡುತ್ತ ಲೆನ್ಸ್ ಬದಲಿಸುವವರಿಗೆ ಸಾಲುವುದಿಲ್ಲ.

ಸೂರ್ಯ ಹುಟ್ಟುವ ಜಾಗವೂ ವರ್ಷದುದ್ದಕ್ಕೂ ಸರಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಜೂನಿನಲ್ಲಿ ಪೂರ್ವದಿಂದ ಉತ್ತರಕ್ಕೆ 24 ಡಿಗ್ರಿಯಷ್ಟು, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಅಷ್ಟೇ. ಒಂದು ಕಣಿವೆಗೆ ಡಿಸೆಂಬರಿನಲ್ಲಿ ಅಡ್ಡ ಬೆಳಕು ಬೀಳುತ್ತದೆಂದ ಮಾತ್ರಕ್ಕೆ ಮೇ ತಿಂಗಳಿನಲ್ಲೂ ಬೀಳುತ್ತದೆಂದು ಭಾವಿಸುವಂತಿಲ್ಲ. ಫೋನಿನಲ್ಲಿ ಸೂರ್ಯನ ದಿಕ್ಕು ತೋರಿಸುವ ಆ್ಯಪ್‌ಗಳಿವೆ, ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬಹುದು.

ಇನ್ನು ಬೆಳ್ಳಗಾದ ಆಕಾಶ. ಇದು ಛಾಯಾಗ್ರಹಣದಷ್ಟೇ ಹಳೆಯ ಸಮಸ್ಯೆ. ಆಗಿನ ರಾಸಾಯನಿಕ ಲೇಪಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಖಾಲಿ ಬಿಳಿಯಾಗುತ್ತಿತ್ತು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಮುದ್ರಣದಲ್ಲಿ ಸೇರಿಸಿ ಇದಕ್ಕೆ ಪರಿಹಾರ ಕಂಡುಕೊಂಡ. ಇಂದಿನ ಸೆನ್ಸರ್ ಅದಕ್ಕಿಂತ ಎಷ್ಟೋ ಸಮರ್ಥವಾದರೂ ಮೋಡದ ಹೊಳಪನ್ನೂ ಮರದಡಿಯ ನೆರಳನ್ನೂ ಒಟ್ಟಿಗೆ ಹಿಡಿಯುವುದರಲ್ಲಿ ಕಣ್ಣಿಗೆ ಸಮವಲ್ಲ. ಆದ್ದರಿಂದ ಮೊದಲು ಜೆಪೆಗ್ (ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸಿದ ಫೈಲು) ಬಿಟ್ಟು ರಾ ಫೈಲಿನಲ್ಲಿ (ಸೆನ್ಸರ್ ಹಿಡಿದ ಮಾಹಿತಿ ಹಾಗೆಯೇ ಇರುವ ಫೈಲು) ತೆಗೆಯಲು ತೊಡಗಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇದ್ದರೆ 14 ಬಿಟ್ ರಾ ಫೈಲಿನಲ್ಲಿ 16,384 ಇರುತ್ತವೆ. ನೆರಳನ್ನು ಆಮೇಲೆ ಎತ್ತಲು ಬೇಕಾದ ಮಾಹಿತಿ ಅಲ್ಲಿ ಉಳಿದಿರುತ್ತದೆ. ಆದರೆ ಸುಟ್ಟ ಬಿಳಿಯಲ್ಲಿ ಯಾವ ಮಾಹಿತಿಯೂ ಉಳಿಯುವುದಿಲ್ಲ, ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಹಾಗಾಗಿ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆ ನೋಡಿ, ಅದರ ಬಲತುದಿ ಗೋಡೆಗೆ ಒತ್ತಿಕೊಳ್ಳದಂತೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು (ಚಿತ್ರದ ಬೆಳಕು ಏರಿಸಿ ಇಳಿಸುವ ಹೊಂದಾಣಿಕೆಯನ್ನು) ಮೈನಸ್ ಕಡೆಗೆ ಇಳಿಸಿ. ಕ್ಯಾಮೆರಾದ ಪರದೆಯಲ್ಲಿ ನೆಲ ಕೊಂಚ ಕಪ್ಪಾಗಿ ಕಂಡರೂ ಚಿಂತೆಯಿಲ್ಲ. ಮಂಜಿನಲ್ಲಿ ಇದಕ್ಕೆ ವಿರುದ್ಧ: ಮಂಜನ್ನು ಕ್ಯಾಮೆರಾದ ಬೆಳಕಿನ ಮಾಪಕ ಬೂದುಬಣ್ಣವೆಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ, ಆಗ ಪ್ಲಸ್ 1ರ ಹತ್ತಿರ ಏರಿಸಬೇಕು.

ಇದೆಲ್ಲಕ್ಕಿಂತ ಸುಲಭವಾದ ಉಪಾಯ ಇನ್ನೊಂದಿದೆ, ಮಲೆನಾಡಿನವರಿಗೆ ಅದೇ ಹೆಚ್ಚು ಪ್ರಯೋಜನದ್ದು. ಆಕಾಶದಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದರೆ ಅದನ್ನು ಚೌಕಟ್ಟಿನಿಂದ ಹೊರಗಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆಯ ಆಕಾಶ ದಿನಗಟ್ಟಲೆ ಒಂದೇ ಬಿಳಿ ಹೊದಿಕೆಯಾಗಿರುತ್ತದೆ. ಆ ಮೆದು ಬೆಳಕು ಕಾಡಿನ ಒಳಗೆ, ಹಳ್ಳದ ಕಲ್ಲುಗಳ ಮೇಲೆ, ಅಡಿಕೆ ತೋಟದ ಸಾಲಿನ ನಡುವೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿಲಿದ್ದರೆ ಅಲ್ಲೆಲ್ಲ ಬಿಳಿ-ಕಪ್ಪು ಚುಕ್ಕೆಗಳ ಗೊಂದಲವಾಗುತ್ತಿತ್ತು. ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಚಿತ್ರದ ಮೇಲಂಚು ಮರಗಳೊಳಗೇ ಮುಗಿಯುವಂತೆ ನೋಡಿಕೊಂಡರೆ ನಿಮ್ಮ ಮೊದಲ ದೂರು ಅರ್ಧ ತೀರುತ್ತದೆ. ಮೋಡ ಬೇಕೆಂದಿದ್ದರೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಿನ ಗುಡುಗು ಮಳೆಯ ಸಂಜೆಗಳನ್ನು ಕಾಯಿರಿ. ಪ್ರವಾಸಿಗರು ಚಳಿಗಾಲದ ನಿರ್ಮಲ ಆಕಾಶವನ್ನೇ ಬಯಸುತ್ತಾರೆ, ಚಿತ್ರದಲ್ಲಿ ಅದರಷ್ಟು ನೀರಸವಾದದ್ದು ಇನ್ನೊಂದಿಲ್ಲ.

ಮಳೆಗಾಲದ ಕಾಡಿಗೆ ಹೋಗುವವರು ಪೋಲರೈಸರ್ ಫಿಲ್ಟರ್ ಇಟ್ಟುಕೊಂಡಿರಲೇಬೇಕು. ಇದನ್ನು ಆಕಾಶವನ್ನು ಕಡುನೀಲಿ ಮಾಡುವ ಸಾಧನವೆಂದು ಅಂಗಡಿಯವರು ಮಾರುತ್ತಾರೆ. ಅದರ ನಿಜವಾದ ಬೆಲೆ ತಿಳಿಯುವುದು ಒದ್ದೆ ಎಲೆಗಳ ಮುಂದೆ. ತೊಯ್ದ ಎಲೆ, ಹಾವಸೆ, ಬಂಡೆಗಳ ಮೇಲೆಲ್ಲ ಬಿಳಿ ಆಕಾಶ ಪ್ರತಿಫಲಿಸಿ ಹಸಿರಿನ ಮೇಲೊಂದು ಬೂದಿ ಹೊಳಪು ಕೂತಿರುತ್ತದೆ. ಫಿಲ್ಟರಿನ ಉಂಗುರವನ್ನು ಮೆಲ್ಲನೆ ತಿರುಗಿಸುತ್ತ ವ್ಯೂಫೈಂಡರಿನಲ್ಲಿ ನೋಡಿ: ಒಂದು ಹಂತದಲ್ಲಿ ಆ ಹೊಳಪು ಸರ್ರನೆ ಇಳಿದುಹೋಗಿ ಎಲೆಯ ಒಳಗಿನ ಹಸಿರು, ಬಂಡೆಯ ಕಪ್ಪು, ನೀರಿನ ತಳದ ಕಲ್ಲು ಎಲ್ಲವೂ ಹೊರಗೆ ಬರುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗುವುದಿಲ್ಲ. ಒಂದರಿಂದ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಬೆಳಕನ್ನು ಇದು ನುಂಗುತ್ತದೆ, ಆದ್ದರಿಂದ ಟ್ರೈಪಾಡ್ ಬೇಕಾಗುತ್ತದೆ. ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ಆಕಾಶದ ಮೇಲೆ ಇದರ ಪ್ರಭಾವ ಹೆಚ್ಚು, 18 ಮಿ.ಮೀ.ನಲ್ಲಿ ನೀಲಿ ಆಕಾಶವಿದ್ದರೆ ನಡುವೆ ಮಾತ್ರ ಕಪ್ಪು ಪಟ್ಟೆ ಬರುವುದರಿಂದ ಆಗ ತೆಗೆದಿಡಿ.

ಜೋಗದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ನಿಮ್ಮ ಮನೆಯ ಹತ್ತಿರದ್ದು ಮತ್ತು ಬಹಳ ಕಷ್ಟದ ವಸ್ತು. 253 ಮೀಟರ್ ಆಳಕ್ಕೆ ಬೀಳುವ ಜಲಪಾತವನ್ನು ಕಣಿವೆಯ ಈಚೆಯಿಂದ ನೋಡುವಾಗ ಅಳತೆಗೋಲಾಗಿ ಹತ್ತಿರದಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಚಿತ್ರದಲ್ಲಿ ಅದು ಎಷ್ಟು ಎತ್ತರದ್ದೆಂದು ಯಾರಿಗೂ ತಿಳಿಯುವುದಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಸೇರಿಸಲೇಬೇಕೆಂಬ ಹಟವನ್ನು ಮೊದಲು ಬಿಡಿ. ಅಂಥ ಚಿತ್ರ ಹಣಕ್ಕೆ ಸಿಗುವ ಪೋಸ್ಟ್ ಕಾರ್ಡುಗಳಲ್ಲಿ ಬೇಕಾದಷ್ಟಿದೆ. 200 ಮಿ.ಮೀ.ನಲ್ಲಿ ರಾಜನೊಬ್ಬನನ್ನೇ ಹಿಡಿದು, ನೆತ್ತಿಯ ಬಂಡೆಯ ಅಂಚನ್ನೂ ಅಲ್ಲಿ ಬೆಳೆದ ಗಿಡಗಳನ್ನೂ ಒಳಗೆ ಬಿಟ್ಟುಕೊಂಡರೆ ಎತ್ತರ ತಾನಾಗಿ ತಿಳಿಯುತ್ತದೆ. ಅಥವಾ ಮಂಜು ಮುಚ್ಚಿ ತೆರೆಯುವ ಆಟದಲ್ಲಿ ರೋರರ್ ಬಂಡೆಯ ಸಂದಿನಿಂದ ತಿರುಚಿಕೊಂಡು ಹೊರಬರುವ ಜಾಗವಷ್ಟೇ ಕಾಣುವ ಕ್ಷಣವನ್ನು ಕಾಯಿರಿ. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲವೆಂದು ಜನ ಐದು ನಿಮಿಷ ನಿಂತು ಹಿಂದಿರುಗುತ್ತಾರೆ. ಅಲ್ಲಿ ಬೇಕಾದದ್ದು ಅರ್ಧ ದಿನದ ತಾಳ್ಮೆ.

ನೀರನ್ನು ತೆಗೆಯುವಾಗಿನ ಶಟರ್ ವೇಗದ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಕಾಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಡಿನ ಸಣ್ಣ ಹಳ್ಳಕ್ಕೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ನಿಧಾನದ ಶಟರ್ ಚೆನ್ನಾಗಿ ಹೊಂದುತ್ತದೆ, ನೀರು ಕಲ್ಲುಗಳ ಸುತ್ತ ಗೆರೆಗಳಾಗಿ ಹರಿಯುತ್ತದೆ. ದೊಡ್ಡ ಜಲಪಾತಕ್ಕೆ ಅದು ಸಲ್ಲದು. ತುಂಬಿ ಧುಮುಕುವ ಶರಾವತಿಯನ್ನು ಹಲವು ಸೆಕೆಂಡುಗಳ ಕಾಲ ತೆರೆದಿಟ್ಟು ತೆಗೆದರೆ ಅದರ ತೂಕವೆಲ್ಲ ಹೋಗಿ ಬರಿಯ ಬಿಳಿ ಪರದೆ ಉಳಿಯುತ್ತದೆ. ಸೆಕೆಂಡಿನ ಮೂವತ್ತನೆಯ ಒಂದು ಭಾಗದಿಂದ ನೂರಿಪ್ಪತ್ತೈದನೆಯ ಒಂದು ಭಾಗದವರೆಗೆ ಬೇರೆ ಬೇರೆ ವೇಗದಲ್ಲಿ ತೆಗೆದು ನೋಡಿ, ನೀರಿನ ಮುದ್ದೆಗಳು ಒಡೆದು ಬೀಳುವುದು ತಿಳಿಯುವ ವೇಗವನ್ನು ಇಟ್ಟುಕೊಳ್ಳಿ. ತುಂತುರಿನಲ್ಲಿ ಕಾಮನಬಿಲ್ಲು ಬೇಕಿದ್ದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ದೂರದಲ್ಲಿ ಬಿಲ್ಲು ಮೂಡುತ್ತದೆ. ಆಗ ಪೋಲರೈಸರ್ ಹಾಕಿದ್ದರೆ ಎಚ್ಚರ: ಉಂಗುರವನ್ನು ಒಂದು ಕಡೆಗೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮಾಯವಾಗುತ್ತದೆ.

ಲೆನ್ಸಿನ ಅಗಲವಾದ 18 ಮಿ.ಮೀ. ತುದಿಯನ್ನು ಯಾವಾಗ ಬಳಸಬೇಕೆಂದರೆ ಕಾಲಬುಡದಲ್ಲಿ ನೋಡತಕ್ಕದ್ದು ಇದ್ದಾಗ. ಲಿಂಗನಮಕ್ಕಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮುಳುಗಡೆಯಾದ ಕಾಡಿನ ಬೊಡ್ಡೆಗಳು ಮೇಲೇಳುತ್ತವೆ. ಅಂಥ ಒಂದು ಬೊಡ್ಡೆಯ ಮುಂದೆ ಮಂಡಿಯೂರಿ, ಒಂದು ಮೀಟರ್ ಹತ್ತಿರದಿಂದ, ಹಿಂದಿನ ನೀರು ಮತ್ತು ದಡದ ಬೆಟ್ಟಗಳೊಡನೆ ತೆಗೆದ ಚಿತ್ರಕ್ಕೂ, ದಂಡೆಯ ಮೇಲೆ ನಿಂತು ಕಣ್ಣಿನ ಎತ್ತರದಿಂದ ತೆಗೆದದ್ದಕ್ಕೂ ಹೋಲಿಕೆಯೇ ಇರುವುದಿಲ್ಲ. ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿರಬೇಕಾದರೆ ಅಪರ್ಚರ್ (ಲೆನ್ಸಿನ ಬೆಳಕಿನ ರಂಧ್ರ; ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಎಫ್ 8ಕ್ಕೆ ಇಟ್ಟು ಸುಮಾರು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ. ನಿಮ್ಮ ಸೆನ್ಸರಿನಲ್ಲಿ 18 ಮಿ.ಮೀ.ಗೆ ಒಂದು ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಎಫ್ 22ಕ್ಕೆ ಮುಚ್ಚಿದರೆ ಇನ್ನೂ ಚೆನ್ನಾಗಿ ಬರುತ್ತದೆಂಬುದು ತಪ್ಪು ಕಲ್ಪನೆ: ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರ ಮೆದುವಾಗುತ್ತದೆ. ಎಫ್ 11 ದಾಟುವುದು ಬೇಡ.

ಹೊಸ ಹೊಸ ಜಾಗಗಳಿಗೆ ಓಡುವುದಕ್ಕಿಂತ ಈ ಹಿನ್ನೀರಿನಂಥ ಒಂದು ಜಾಗವನ್ನು ಆರಿಸಿಕೊಂಡು ಬೇರೆ ಬೇರೆ ತಿಂಗಳಿನಲ್ಲಿ ಹೋಗುವುದು ನಿಮಗೆ ಹೆಚ್ಚು ಕಲಿಸುತ್ತದೆ. 1856ರಲ್ಲಿ ಹಂಪಿಯನ್ನು ತೆಗೆದ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳನ್ನು ಬಳಸುತ್ತಿದ್ದ. ಒಂದೊಂದನ್ನೂ ಕೈಯಾರೆ ಸಿದ್ಧಪಡಿಸಿಕೊಳ್ಳಬೇಕಾಗಿದ್ದ ಆತ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ತೆರೆಯಬೇಕು ಎಂದು ಮೊದಲೇ ತೀರ್ಮಾನಿಸದೆ ವಿಧಿಯಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ನೆಲೆಗಳನ್ನು ಹುಡುಕಿ ನಿಂತು ಮತ್ತೆ ತೆಗೆದರು. ಇಬ್ಬರ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ನಿಲ್ಲುವ ಜಾಗ ಒಂದೆರಡು ಹೆಜ್ಜೆ ಸರಿದರೂ ಕಂಬ-ಬಂಡೆಗಳ ಸಂಬಂಧ ಹೇಗೆ ಬದಲಾಗುತ್ತದೆಂಬುದು ಮನದಟ್ಟಾಗುತ್ತದೆ.

ಟ್ರೈಪಾಡ್ ಬಗ್ಗೆ ಎರಡೇ ಮಾತು. ಹಗುರವೆಂದು ತೀರಾ ಸಪೂರದ್ದನ್ನು ಕೊಳ್ಳಬೇಡಿ, ಕೊಡಚಾದ್ರಿಯ ಗಾಳಿಗೆ ಅದು ನಿಲ್ಲುವುದಿಲ್ಲ. ಕೆಳಗಿನ ಸಣ್ಣ ಕಾಲುಗಳನ್ನು ಕೊನೆಗೆ ಎಳೆಯಿರಿ, ನಡುಗಂಬವನ್ನು ಏರಿಸಬೇಡಿ, ಎರಡು ಸೆಕೆಂಡಿನ ಟೈಮರ್ ಬಳಸಿ, ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಆವರಣದೊಳಗೆ ಟ್ರೈಪಾಡಿಗೆ ಮುಂಚಿತವಾಗಿ ಅನುಮತಿ ಬೇಕು.

ತಿದ್ದುವುದು ಮೋಸವೆ ಎಂದು ಕೇಳಿದ್ದೀರಿ. ಜೆಪೆಗ್ ತೆಗೆದಾಗಲೂ ತಿದ್ದುಪಡಿ ಆಗಿಯೇ ಇರುತ್ತದೆ, ಅದನ್ನು ಕ್ಯಾಮೆರಾ ತಯಾರಿಸಿದವರು ಮೊದಲೇ ನಿರ್ಧರಿಸಿರುತ್ತಾರೆ ಅಷ್ಟೆ. ರಾ ಫೈಲು ನೋಡಲು ಸಪ್ಪೆಯಾಗಿಯೇ ಇರುತ್ತದೆ. ಅದರಲ್ಲಿ ಹೊಳಪನ್ನು ಇಳಿಸಿ, ನೆರಳನ್ನು ಸ್ವಲ್ಪ ಎತ್ತಿ, ವೈಟ್ ಬ್ಯಾಲೆನ್ಸ್ ಅನ್ನು (ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವುದನ್ನು) ಹಗಲಿನ ಬೆಳಕಿಗೆ ಇಟ್ಟು ಆ ಬೆಳಿಗ್ಗೆ ನೀವು ಕಂಡ ಬಣ್ಣಕ್ಕೆ ತರುವುದು ನಿಮ್ಮ ಕೆಲಸ. ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಸೂರ್ಯೋದಯದ ಕೆಂಪನ್ನು ದೋಷವೆಂದು ತಿಳಿದು ಅಳಿಸಿಬಿಡುತ್ತದೆ. ನಾನು ಎಚ್ಚರಿಸುವುದು ಎರಡು ವಿಷಯಗಳಲ್ಲಿ. ಮಸುಕು ತೆಗೆಯುವ ಸ್ಲೈಡರನ್ನು ಹತ್ತು ಹದಿನೈದಕ್ಕಿಂತ ಮೇಲೆ ಎಳೆದರೆ ದೂರದ ಬೆಟ್ಟ ಮುಂದಕ್ಕೆ ಬಂದು ಆಳವೇ ಸತ್ತುಹೋಗುತ್ತದೆ. ಎರಡನೆಯದು ಹಸಿರು: ಮಲೆನಾಡಿನ ಹಸಿರು ಮೊದಲೇ ಗಾಢ, ಅದಕ್ಕೆ ಬಣ್ಣ ಏರಿಸಿದರೆ ಪ್ಲಾಸ್ಟಿಕ್ ಆಗುತ್ತದೆ. ನಾನಾದರೆ ಹಳದಿ ಮತ್ತು ಹಸಿರನ್ನು ಸ್ವಲ್ಪ ಇಳಿಸುತ್ತೇನೆ, ಭತ್ತದ ಗದ್ದೆ, ಅಡಿಕೆ, ಕಾಡು ಮೂರರ ಹಸಿರೂ ಬೇರೆ ಬೇರೆಯಾಗಿ ಕಾಣಲು ಅದೇ ದಾರಿ. ಇಲ್ಲದ ಮೋಡವನ್ನು ತಂದು ಕೂರಿಸುವುದು ಬೇರೆಯೇ ಕೆಲಸ. ಅದನ್ನು ಮಾಡುವವರು ಚಿತ್ರದ ಕೆಳಗೆ ಹಾಗೆಂದು ಬರೆಯಲಿ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಗಟ್ಟಿಯಾದ ಟ್ರೈಪಾಡ್ ಒಂದು, ಒಳ್ಳೆಯ ಪೋಲರೈಸರ್ ಒಂದು ಕೊಳ್ಳಿ. ನಿಮ್ಮ ಎರಡು ಲೆನ್ಸುಗಳ ಮುಂಭಾಗದ ವ್ಯಾಸ ಬೇರೆಯಾಗಿದ್ದರೆ ದೊಡ್ಡದಕ್ಕೆ ಸರಿಹೋಗುವ ಫಿಲ್ಟರ್ ತೆಗೆದುಕೊಂಡು ಚಿಕ್ಕದಕ್ಕೆ ಹೊಂದಿಸುವ ಉಂಗುರ ಕೊಂಡರೆ ಸಾಕು.

ಮಳೆಯಲ್ಲಿ ಕ್ಯಾಮೆರಾ ತೆಗೆಯಲು ಹೆದರಬೇಡಿ, ಆದರೆ ನಿಮ್ಮ ಲೆನ್ಸುಗಳಿಗೆ ನೀರು ಒಳಹೋಗದಂತೆ ತಡೆಯುವ ವ್ಯವಸ್ಥೆ (ಸೀಲಿಂಗ್) ಇರುವುದಿಲ್ಲವೆಂಬುದನ್ನು ನೆನಪಿಡಿ. ದೊಡ್ಡ ಕೊಡೆ, ಲೆನ್ಸಿನ ತುದಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಪ್ಲಾಸ್ಟಿಕ್ ಚೀಲ, ಎರಡು ಮೂರು ಒಣ ಹತ್ತಿ ಬಟ್ಟೆ ಇಷ್ಟಿದ್ದರೆ ಹಳ್ಳದ ಬದಿಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡಬಹುದು. ಮಳೆಯಲ್ಲಿ ಲೆನ್ಸ್ ಬದಲಿಸಬೇಡಿ. ಯಾವುದನ್ನು ಬಳಸುವುದೆಂದು ಮನೆಯಲ್ಲೇ ನಿರ್ಧರಿಸಿ. ಎ.ಸಿ. ಹಾಕಿದ ಕಾರಿನಿಂದ ಇಳಿದ ಕೂಡಲೇ ಗಾಜಿನ ಮೇಲೆ ಕೂರುವ ಆವಿಯನ್ನು ಒರೆಸಲು ಹೋಗದೆ, ಚೀಲದೊಳಗೇ ಇಟ್ಟು ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಡಿ. ನಿಜವಾದ ಅಪಾಯ ಇರುವುದು ಹೊರಗಲ್ಲ, ಮನೆಯ ಬೀರುವಿನಲ್ಲಿ. ಮಲೆನಾಡಿನ ಜುಲೈ ತಿಂಗಳಿನಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜುಗಳ ನಡುವೆ ಬೂಸು ಎಳೆಎಳೆಯಾಗಿ ಹಬ್ಬುತ್ತದೆ, ಬಹಳ ದಿನ ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಮಾಪಕ ಇಟ್ಟು ತೇವವನ್ನು ಶೇಕಡಾ 40ರಿಂದ 50ರ ನಡುವೆ ಇರಿಸಿ. ಬಣ್ಣ ಬದಲಾದ ಜೆಲ್ ಹರಳುಗಳನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು, ಪೊಟ್ಟಣದ ಮೇಲೆ ಹೇಳಿರುವ ಶಾಖವನ್ನು ಮೀರದಿದ್ದರಾಯಿತು.